ಬಿಲ್ ಯಾರದು, ಆಯ್ಕೆ ಯಾರದು? ಇಂಧನ ದಕ್ಷತೆ ಮತ್ತು ಸರ್ಕಾರಗಳ ಹೊಣೆ



ಕರೆಂಟಿನ ಮಾತು ಬಂದರೆ ನಾವು ಸಾಮಾನ್ಯವಾಗಿ ಉತ್ಪಾದನೆಯ ಬಗ್ಗೆಯೇ ಮಾತಾಡುತ್ತೇವೆ. ಲಿಂಗನಮಕ್ಕಿಯಲ್ಲಿ ನೀರು ಎಷ್ಟಿದೆ, ರಾಯಚೂರಿನಲ್ಲಿ ಕಲ್ಲಿದ್ದಲು ಎಷ್ಟು ದಿನಕ್ಕೆ ಸಾಲುತ್ತದೆ, ಪಾವಗಡದ ಸೋಲಾರ್ ಪಾರ್ಕಿನಿಂದ ಎಷ್ಟು ಮೆಗಾವ್ಯಾಟ್ ಬಂತು ಎಂದು ಲೆಕ್ಕ ಕೇಳುತ್ತೇವೆ. ತಂತಿಯ ಇನ್ನೊಂದು ತುದಿಯಲ್ಲಿ, ನಮ್ಮ ಮನೆ, ಗದ್ದೆ, ಕಾರ್ಖಾನೆಗಳಲ್ಲಿ, ಆ ಕರೆಂಟು ಏನಾಯಿತು ಎಂದು ಕೇಳುವವರು ಕಡಿಮೆ. ಇಂದಿನ ನನ್ನ ಮಾತು ಆ ತುದಿಯ ಬಗ್ಗೆ.

ಇಂಧನ ದಕ್ಷತೆ ಎಂದರೆ ದೀಪ ಆರಿಸಿ ಕತ್ತಲಲ್ಲಿ ಕೂರುವುದಲ್ಲ. ಅದೇ ಬೆಳಕು, ಅದೇ ಗಾಳಿ, ಅಷ್ಟೇ ನೀರು ಕಡಿಮೆ ಯೂನಿಟ್‌ಗಳಲ್ಲಿ ಸಿಗಬೇಕು, ಅಷ್ಟೆ. 2023ರ ಡಿಸೆಂಬರಿನಲ್ಲಿ ದುಬೈಯಲ್ಲಿ ಮುಗಿದ ಹವಾಮಾನ ಸಮ್ಮೇಳನದಲ್ಲಿ ಜಗತ್ತಿನ ಸರ್ಕಾರಗಳು ಒಂದು ಮಾತಿಗೆ ಒಪ್ಪಿದವು: ದಕ್ಷತೆ ಸುಧಾರಿಸುವ ವಾರ್ಷಿಕ ವೇಗವನ್ನು 2030ರ ಹೊತ್ತಿಗೆ ದುಪ್ಪಟ್ಟು ಮಾಡಬೇಕು, ಅಂದರೆ ಸುಮಾರು ಶೇ. 2ರಿಂದ ಶೇ. 4ಕ್ಕೆ ಏರಿಸಬೇಕು. ಮರುವರ್ಷ, 2024ರಲ್ಲಿ, ಜಗತ್ತು ಸಾಧಿಸಿದ್ದು ಸುಮಾರು ಶೇ. 1. ಒಪ್ಪಿದ್ದಕ್ಕೂ ನಡೆದದ್ದಕ್ಕೂ ಇಷ್ಟು ಅಂತರ ಏಕೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರವನ್ನು ಆರಿಸುವವರು ಒಬ್ಬರು, ಅದರ ಬಿಲ್ ಕಟ್ಟುವವರು ಇನ್ನೊಬ್ಬರು ಆದಲ್ಲೆಲ್ಲ ಕರೆಂಟು ಪೋಲಾಗುತ್ತದೆ. ಈ ಅಂತರವನ್ನು ಮುಚ್ಚಿದ ಸರ್ಕಾರಗಳು ಗೆದ್ದಿವೆ. ಜನರಿಗೆ ಉಪದೇಶ ಮಾಡಿ ಸುಮ್ಮನಾದ ಸರ್ಕಾರಗಳು ಸೋತಿವೆ. ಇದನ್ನು ತೋರಿಸಲು ಮೊದಲು ಅಮೆರಿಕ ಮತ್ತು ಜಪಾನಿನ ಮಾನದಂಡಗಳ ಕಥೆ ಹೇಳುತ್ತೇನೆ. ಆಮೇಲೆ ಯುರೋಪಿನ ಮನೆಗಳಿಗೆ ಹೋಗಿ, ಎಡವಿದ ದೇಶಗಳ ಬಳಿ ಸ್ವಲ್ಪ ನಿಂತು, ಕೊನೆಗೆ ಭಾರತಕ್ಕೂ ನಮ್ಮ ಕರ್ನಾಟಕಕ್ಕೂ ಬರುತ್ತೇನೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಮಾರುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಆಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಇದ್ದರು. ಎನ್ರಿಕೋ ಫರ್ಮಿ ಅವರ ಶಿಷ್ಯ, ಕಣಭೌತಶಾಸ್ತ್ರ ಅವರ ಕ್ಷೇತ್ರ. ಆ ನವೆಂಬರಿನ ಒಂದು ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹೊರಟಾಗ ತಮ್ಮ ಮಹಡಿಯ ಖಾಲಿ ಕೋಣೆಗಳಲ್ಲೆಲ್ಲ ದೀಪ ಉರಿಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಆರಿಸಲು ಹೋದರೆ ಸ್ವಿಚ್ಚುಗಳೇ ಸುಲಭಕ್ಕೆ ಸಿಗಲಿಲ್ಲ. ಕೆಲವು ಕಡತದ ಬೀರುಗಳ ಹಿಂದೆ, ಕೆಲವು ಪುಸ್ತಕದ ಕಪಾಟುಗಳ ಹಿಂದೆ, ಕೆಲವು ಗೋಡೆಯ ಪೋಸ್ಟರುಗಳ ಹಿಂದೆ ಅಡಗಿದ್ದವು. ದೀಪ ಆರಿಸುವ ಪ್ರಮೇಯವೇ ಅಲ್ಲಿ ಯಾರಿಗೂ ಬಂದಿರಲಿಲ್ಲ, ಏಕೆಂದರೆ ಬಿಲ್ ಅವರ ಕೈಗೆ ಬರುತ್ತಿರಲಿಲ್ಲ. ರೋಸೆನ್‌ಫೆಲ್ಡ್ ಮುಂದೆ ತಮ್ಮ ಉಳಿದ ಬದುಕನ್ನು ಈ ವಿಷಯಕ್ಕೇ ಕೊಟ್ಟರು.

ಅವರ ಗಮನ ಬಿದ್ದ ವಸ್ತುಗಳಲ್ಲಿ ಮುಖ್ಯವಾದದ್ದು ಫ್ರಿಜ್. ಆ ಕಾಲದಲ್ಲಿ ಅಮೆರಿಕದ ಅಂಗಡಿಗೆ ಬರುತ್ತಿದ್ದ ಹೊಸ ಫ್ರಿಜ್ ವರ್ಷಕ್ಕೆ ಸುಮಾರು 1800 ಯೂನಿಟ್ ಕರೆಂಟು ತಿನ್ನುತ್ತಿತ್ತು. ಗೋಡೆಯೊಳಗಿನ ಶಾಖನಿರೋಧಕ ಪದರ ತೆಳು, ಮೋಟಾರು ಕಳಪೆ. ಬಾಗಿಲ ಅಂಚಿನಲ್ಲಿ ತೇವ ಕೂರದಿರಲಿ ಎಂದು ಸಣ್ಣ ಹೀಟರನ್ನೂ ಸೇರಿಸಿರುತ್ತಿದ್ದರು! ತಣ್ಣಗೆ ಮಾಡುವ ಪೆಟ್ಟಿಗೆಯನ್ನೇ ಬಿಸಿ ಮಾಡಿ, ಆ ಬಿಸಿಯನ್ನು ಮತ್ತೆ ತೆಗೆಯಲು ಕರೆಂಟು ಸುಡುತ್ತಿದ್ದರು. ಪದರ ತೆಳುವಾದರೆ ಕಂಪನಿಗೆ ಒಂದಷ್ಟು ಡಾಲರ್ ಉಳಿತಾಯ. ಅದರ ಬೆಲೆಯನ್ನು ಹದಿನೈದು ಇಪ್ಪತ್ತು ವರ್ಷ ತಿಂಗಳು ತಿಂಗಳು ಕಟ್ಟುವವರು ಮನೆಯವರು. ಅಂಗಡಿಯಲ್ಲಿ ನಿಂತ ಗಿರಾಕಿಗೆ ಬಣ್ಣ ಕಾಣುತ್ತದೆ, ಬೆಲೆ ಕಾಣುತ್ತದೆ, ಗೋಡೆಯೊಳಗಿನ ಪದರ ಕಾಣುವುದಿಲ್ಲ.

ಕ್ಯಾಲಿಫೋರ್ನಿಯಾದ ಆಗಿನ ಗವರ್ನರ್ ಜೆರ್ರಿ ಬ್ರೌನ್ ಅವರಿಗೆ ರೋಸೆನ್‌ಫೆಲ್ಡ್ ಒಂದು ಲೆಕ್ಕ ಕೊಟ್ಟರು. ಸಂಡೆಸರ್ಟ್ ಎಂಬ ಅಣುವಿದ್ಯುತ್ ಸ್ಥಾವರವೊಂದರ ಪ್ರಸ್ತಾಪ ಆಗ ಇತ್ತು. ಫ್ರಿಜ್‌ಗಳಿಗೆ ಕನಿಷ್ಠ ದಕ್ಷತೆಯ ಮಾನದಂಡ ಹಾಕಿದರೆ ಆ ಸ್ಥಾವರವೇ ಬೇಕಾಗದು ಎಂಬುದು ಲೆಕ್ಕದ ಸಾರ. 1974ರ ವಾರನ್-ಅಲ್ಕ್ವಿಸ್ಟ್ ಕಾಯ್ದೆಯಿಂದ ಹುಟ್ಟಿದ ಕ್ಯಾಲಿಫೋರ್ನಿಯಾ ಇಂಧನ ಆಯೋಗ ಆ ದಶಕ ಮುಗಿಯುವ ಮೊದಲೇ ಮಾನದಂಡ ಜಾರಿಗೆ ತಂದಿತು. ಅದಕ್ಕಿಂತ ಹೆಚ್ಚು ಕರೆಂಟು ತಿನ್ನುವ ಫ್ರಿಜ್ ಆ ರಾಜ್ಯದಲ್ಲಿ ಮಾರಾಟವಾಗುವಂತಿಲ್ಲ. ಸಂಡೆಸರ್ಟ್ ಸ್ಥಾವರ ಏಳಲೇ ಇಲ್ಲ. ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ನಿಯಮ ಮಾಡತೊಡಗಿದಾಗ ತಯಾರಕರೇ ಇಡೀ ದೇಶಕ್ಕೆ ಒಂದೇ ನಿಯಮ ಬೇಕೆಂದು ಕೇಳಿಕೊಂಡರು. 1987ರಲ್ಲಿ ಆ ಕಾನೂನಿಗೆ ಸಹಿ ಹಾಕಿದವರು ಅಧ್ಯಕ್ಷ ರೊನಾಲ್ಡ್ ರೇಗನ್. ಸರ್ಕಾರಿ ನಿಯಂತ್ರಣವೆಂದರೆ ಆಗದ ರಾಜಕಾರಣಿ ಅವರು. ಆ ಸಹಿಯನ್ನು ನಾನು ಮಹತ್ವದ್ದೆಂದು ಎಣಿಸುತ್ತೇನೆ. ಇಂದಿನ ಅಮೆರಿಕದ ಫ್ರಿಜ್ ಅಂದಿನದಕ್ಕಿಂತ ದೊಡ್ಡದು, ಹಣದುಬ್ಬರ ಕಳೆದರೆ ಅಗ್ಗ, ಆದರೂ ತಿನ್ನುವ ಕರೆಂಟು ಅಂದಿನದರ ಸುಮಾರು ಕಾಲು ಭಾಗ. ಗೃಹಿಣಿಯರಿಗೆ ಫ್ರಿಜ್ ಬಾಗಿಲು ಬೇಗ ಮುಚ್ಚಿ ಎಂದು ಹೇಳಿದ್ದರಿಂದ ಇದು ಆದದ್ದಲ್ಲ, ಕಾರ್ಖಾನೆಯಲ್ಲಿ ಪೆಟ್ಟಿಗೆಯ ಗೋಡೆ ಬದಲಾದದ್ದರಿಂದ ಆದದ್ದು.

ಇನ್ನು ಜಪಾನಿಗೆ ಬರೋಣ. ಕನಿಷ್ಠ ಮಾನದಂಡಕ್ಕೆ ಒಂದು ತೊಂದರೆಯಿದೆ. ಅದನ್ನು ಒಮ್ಮೆ ಬರೆದಿಟ್ಟರೆ ಅಲ್ಲೇ ನಿಂತುಬಿಡುತ್ತದೆ. ತಯಾರಕರು ಆ ಗೆರೆಯನ್ನು ಮುಟ್ಟಿ ವಿಶ್ರಮಿಸುತ್ತಾರೆ. ಬಹುತೇಕ ತೈಲವನ್ನು ಹೊರಗಿನಿಂದ ತರಿಸಿಕೊಳ್ಳುವ ಜಪಾನಿನಲ್ಲಿ 1979ರಲ್ಲೇ ಇಂಧನ ಉಳಿತಾಯದ ಕಾನೂನು ಬಂದಿತ್ತು. 1998ರ ತಿದ್ದುಪಡಿಯಲ್ಲಿ ಅವರು ‘ಟಾಪ್ ರನ್ನರ್’ ಎಂಬ ಪದ್ಧತಿ ತಂದರು. ಮಾರುಕಟ್ಟೆಯಲ್ಲಿ ಈಗ ಸಿಗುವ ಎಸಿಗಳಲ್ಲಿ ಅತ್ಯಂತ ದಕ್ಷವಾದದ್ದು ಯಾವುದು ಎಂದು ನೋಡಿ, ಅದರ ಮಟ್ಟವನ್ನೇ ಆಧಾರವಾಗಿ ಹಿಡಿದು ಗುರಿ ಕಟ್ಟುತ್ತಾರೆ. ಕೆಲವು ವರ್ಷಗಳ ಗಡುವಿನೊಳಗೆ ಪ್ರತಿ ಕಂಪನಿ ತಾನು ಮಾರಿದ ಎಸಿಗಳ ಸರಾಸರಿಯಲ್ಲಿ ಆ ಗುರಿ ಮುಟ್ಟಬೇಕು. ಮುಟ್ಟದ ಕಂಪನಿಗೆ ಮೊದಲು ಸಲಹೆ, ಆಮೇಲೆ ಹೆಸರು ಬಹಿರಂಗ, ಆಮೇಲೆ ಆದೇಶ ಮತ್ತು ದಂಡ. ದಂಡದ ಮೊತ್ತ ದೊಡ್ಡದಲ್ಲ. ಹೆಸರು ಹೊರಬೀಳುವ ಭಯವೇ ಅಲ್ಲಿ ದೊಡ್ಡದು. 1997ರಿಂದ 2004ರೊಳಗೆ ಅಲ್ಲಿನ ಮನೆಬಳಕೆಯ ಎಸಿಗಳ ದಕ್ಷತೆ ಶೇ. 67ಕ್ಕೂ ಹೆಚ್ಚು ಏರಿತು, ಇಟ್ಟ ಗುರಿಗಿಂತಲೂ ತುಸು ಹೆಚ್ಚೇ. ಗುರಿ ಮುಗಿದ ಕೂಡಲೇ ಮತ್ತೆ ಮುಂದಿನ ಮುಂದಾಳನ್ನು ಹುಡುಕುತ್ತಾರೆ. ಗೆರೆ ನಿಲ್ಲುವುದಿಲ್ಲ.

ನಮ್ಮಲ್ಲೂ ಈ ವಿಚಾರದ ಒಂದು ರೂಪವಿದೆ. ನೀವು ಕೊಂಡ ಫ್ರಿಜ್ ಅಥವಾ ಎಸಿಯ ಮೇಲಿನ ಸ್ಟಾರ್ ಲೇಬಲ್ಲನ್ನು ಒಮ್ಮೆ ಪೂರ್ತಿ ಓದಿ. ಮೇಲೆ ನಕ್ಷತ್ರಗಳು, ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಲೆಕ್ಕ, ಅದರ ಜೊತೆ ಆ ಲೇಬಲ್ ಯಾವ ಅವಧಿಗೆ ಸಲ್ಲುತ್ತದೆ ಎಂಬ ಸಣ್ಣ ಅಕ್ಷರದ ಸಾಲು. ಅಂಗಡಿಯಲ್ಲಿ ಎಲ್ಲರೂ ನಕ್ಷತ್ರ ಎಣಿಸುತ್ತಾರೆ. ಮುಖ್ಯವಾದದ್ದು ಆ ಸಣ್ಣ ಸಾಲು. 2022ರ ಜುಲೈಯಲ್ಲಿ ಎಸಿಗಳ ನಿಯಮ ಬಿಗಿಯಾದಾಗ ಹಿಂದಿನ ದಿನದ ಐದು ಸ್ಟಾರ್ ಮರುದಿನ ನಾಲ್ಕಾಯಿತು. ಹಳೆಯ ದಾಸ್ತಾನಿನ ಐದು ಸ್ಟಾರಿಗೂ ಹೊಸ ಐದು ಸ್ಟಾರಿಗೂ ವ್ಯತ್ಯಾಸವಿದೆ ಎಂದು ಗಿರಾಕಿಗೆ ಹೇಳುವ ಅಂಗಡಿಯವರು ಬೇಕು. ಯುರೋಪಿನಲ್ಲಿ ಇದೇ ಗೊಂದಲ ಇನ್ನೂ ಅತಿಯಾಗಿತ್ತು. ಎಲ್ಲ ಸಾಮಾನೂ ‘ಎ’ ದರ್ಜೆಗೆ ಬಂದಾಗ ‘ಎ ಪ್ಲಸ್’, ‘ಎ ಪ್ಲಸ್ ಪ್ಲಸ್’, ಮತ್ತೊಂದು ಪ್ಲಸ್ ಎಂದು ಬೆಳೆಸುತ್ತ ಹೋದರು. ಕೊನೆಗೆ 2021ರ ಮಾರ್ಚಿನಲ್ಲಿ ಫ್ರಿಜ್‌ನಂಥ ಕೆಲವು ಸಾಮಾನುಗಳಲ್ಲಿ ಪ್ಲಸ್‌ಗಳನ್ನು ಕಿತ್ತುಹಾಕಿ ಮತ್ತೆ ‘ಎ’ಯಿಂದ ‘ಜಿ’ವರೆಗಿನ ಸರಳ ಏಣಿಗೆ ಮರಳಿದರು.

ಯುರೋಪಿನ ಹೆಸರು ಬಂತು, ಅಲ್ಲಿನ ಮನೆಗಳನ್ನು ನೋಡೋಣ. ಫ್ರಿಜ್ ಹದಿನೈದು ವರ್ಷಕ್ಕೆ ಬದಲಾಗುತ್ತದೆ, ಕಟ್ಟಡ ನೂರು ವರ್ಷ ನಿಲ್ಲುತ್ತದೆ. ಚಳಿ ದೇಶಗಳಲ್ಲಿ ಮನೆ ಬಿಸಿ ಮಾಡುವ ಖರ್ಚೇ ದೊಡ್ಡದು. ಬಾಡಿಗೆ ಮನೆಯ ಸಮಸ್ಯೆ ನಮಗೂ ಗೊತ್ತಿರುವಂಥದ್ದೇ. ಕಿಟಕಿ, ಗೋಡೆ, ಬಾಯ್ಲರ್ ಮಾಲೀಕರ ಆಯ್ಕೆ. ಗ್ಯಾಸ್ ಬಿಲ್ ಬಾಡಿಗೆದಾರರದು. ಮಾಲೀಕ ಏಕೆ ಖರ್ಚು ಮಾಡಬೇಕು? ಜರ್ಮನಿ 2023ರ ಜನವರಿಯಿಂದ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದೆ. ಬಿಸಿ ಮಾಡುವ ಇಂಧನದ ಮೇಲೆ ಬೀಳುವ ಇಂಗಾಲದ ಶುಲ್ಕವನ್ನು ಅಲ್ಲಿ ಮಾಲೀಕರಿಗೂ ಬಾಡಿಗೆದಾರರಿಗೂ ಹಂಚುತ್ತಾರೆ. ಮನೆ ಚೆನ್ನಾಗಿದ್ದರೆ ಬಾಡಿಗೆದಾರರ ಪಾಲು ಹೆಚ್ಚು. ಮನೆ ಕಳಪೆಯಾದಷ್ಟೂ ಮಾಲೀಕರ ಪಾಲು ಏರುತ್ತದೆ. ಅತ್ಯಂತ ಕಳಪೆ ಮನೆಯಲ್ಲಿ ಶೇ. 95ರವರೆಗೆ ಅವರೇ ಕಟ್ಟಬೇಕು. ಫ್ರಾನ್ಸ್ ಇನ್ನೂ ನೇರವಾಗಿ ಹೋಯಿತು. 2025ರ ಜನವರಿಯಿಂದ ‘ಜಿ’ ದರ್ಜೆಯ ಮನೆಯನ್ನು ಅಲ್ಲಿ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, 2028ರಿಂದ ‘ಎಫ್’ ದರ್ಜೆಗೂ ಅದೇ ನಿಯಮ. 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾದ ಅನಿಲ ಕಡಿಮೆಯಾದ ಮೇಲೆ ಯುರೋಪಿಗೆ ಇದು ಪರಿಸರದ ಜೊತೆಗೆ ಭದ್ರತೆಯ ಪ್ರಶ್ನೆಯೂ ಆಯಿತು. 2023ರ ತಿದ್ದುಪಡಿಯಾದ ನಿರ್ದೇಶನದಲ್ಲಿ ಯುರೋಪಿಯನ್ ಒಕ್ಕೂಟ, 2030ರ ತನ್ನ ಬಳಕೆ ಮೊದಲಿನ ಅಂದಾಜಿಗಿಂತ ಶೇ. 11.7ರಷ್ಟು ಕಡಿಮೆ ಇರಬೇಕೆಂದು ಕಡ್ಡಾಯ ಮಾಡಿಕೊಂಡಿದೆ.

ಎಡವಿದವರ ಮಾತನ್ನೂ ಆಡಬೇಕು. ಚೀನಾ 2006ರಿಂದ 2010ರ ಪಂಚವಾರ್ಷಿಕ ಯೋಜನೆಯಲ್ಲಿ, ಉತ್ಪಾದನೆಯ ಪ್ರತಿ ಘಟಕಕ್ಕೆ ಬಳಸುವ ಇಂಧನವನ್ನು ಶೇ. 20 ತಗ್ಗಿಸುವ ಗುರಿ ಇಟ್ಟಿತು. ದೊಡ್ಡ ಕಾರ್ಖಾನೆಗಳಿಗೆ ಒಂದೊಂದಕ್ಕೂ ಗುರಿ ಹಂಚಿತು, ಶೇ. 19.1 ಸಾಧಿಸಿತು. ಸಾಧನೆ ದೊಡ್ಡದೇ. ಆದರೆ ಗಡುವು ಹತ್ತಿರ ಬಂದ 2010ರ ಕೊನೆಯ ತಿಂಗಳುಗಳಲ್ಲಿ ಕೆಲವು ಸ್ಥಳೀಯ ಆಡಳಿತಗಳು ಲೆಕ್ಕ ಸರಿದೂಗಿಸಲು ಕಾರ್ಖಾನೆಗಳ ಕರೆಂಟನ್ನೇ ಕಡಿದವು. ಕಾರ್ಖಾನೆಗಳು ಡೀಸೆಲ್ ಜನರೇಟರ್ ಹಚ್ಚಿದವು, ದೇಶದಲ್ಲಿ ಡೀಸೆಲ್ ಅಭಾವವಾಯಿತು. ಕಾಗದದ ಮೇಲಿನ ಸಂಖ್ಯೆಗೆ ಅಧಿಕಾರಿಯನ್ನು ಹೊಣೆ ಮಾಡಿ, ಯಂತ್ರದ ಬಗ್ಗೆ ಕೇಳದೆ ಹೋದರೆ ಹೀಗಾಗುತ್ತದೆ. ಇಟಲಿಯದು ಇನ್ನೊಂದು ಬಗೆ. 2020ರಲ್ಲಿ ಮನೆ ದುರಸ್ತಿಗೆ ಖರ್ಚಿನ ಶೇ. 110ರಷ್ಟು ತೆರಿಗೆ ವಿನಾಯಿತಿ ಕೊಟ್ಟರು. ಖರ್ಚಿಗಿಂತ ಹೆಚ್ಚು ವಾಪಸ್ ಬರುವಾಗ ಚೌಕಾಸಿ ಯಾರು ಮಾಡುತ್ತಾರೆ? ಯೋಜನೆಯ ಹೊರೆ ನೂರು ಶತಕೋಟಿ ಯೂರೋ ದಾಟಿತು, ಸರ್ಕಾರ ಹಿಂದೆ ಸರಿಯಬೇಕಾಯಿತು.

ಇನ್ನೊಂದು ಆಕ್ಷೇಪ ಹಳೆಯದು, ಗಂಭೀರವಾದದ್ದು. 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ಕಲ್ಲಿದ್ದಲ ಬಗ್ಗೆ ಪುಸ್ತಕ ಬರೆದು, ಉಗಿಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲ ಬಳಕೆ ಹೆಚ್ಚುತ್ತದೆ ಎಂದು ವಾದಿಸಿದರು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುತ್ತಾರೆ. ಇದರಲ್ಲಿ ನಿಜವಿದೆ. ಒಂದು ದೀಪವಿದ್ದ ಬಡವರ ಮನೆಯಲ್ಲಿ ಮೂರು ದೀಪ ಹತ್ತಿದರೆ ನನಗೆ ಸಂತೋಷವೇ. ಆದರೆ ನೀರಿನಂಥ ಮುಗಿದುಹೋಗುವ ಸಂಪತ್ತಿನ ವಿಷಯದಲ್ಲಿ ಈ ಎಚ್ಚರ ಬೇಕು. ಪಂಪ್‌ಸೆಟ್ಟಿನ ಮಾತು ಬಂದಾಗ ಇದನ್ನು ನೆನಪಿಸುತ್ತೇನೆ.

ಈಗ ಭಾರತಕ್ಕೆ ಬರುತ್ತೇನೆ. 2001ರ ಇಂಧನ ಸಂರಕ್ಷಣಾ ಕಾಯ್ದೆ, ಮರುವರ್ಷದ ಇಂಧನ ದಕ್ಷತಾ ಬ್ಯೂರೋ, 2006ರ ಸ್ಟಾರ್ ಲೇಬಲ್, ದೊಡ್ಡ ಕಾರ್ಖಾನೆಗಳಿಗೆ 2012ರಿಂದ ಗುರಿ ಮತ್ತು ಉಳಿತಾಯ ಪತ್ರಗಳ ವ್ಯಾಪಾರ: ಅಡಿಪಾಯ ಗಟ್ಟಿಯಾಗಿಯೇ ಬಿದ್ದಿದೆ. ಜಗತ್ತು ನಮ್ಮಿಂದ ಕಲಿಯಬೇಕಾದ ಪಾಠವೂ ಒಂದಿದೆ. ಅದು ಎಲ್‌ಇಡಿ ಬಲ್ಬಿನದು. 2014ರಲ್ಲಿ ಸಾರ್ವಜನಿಕ ವಲಯದ ಇಇಎಸ್‌ಎಲ್ ಸಂಸ್ಥೆ ಬಲ್ಬು ಕೊಳ್ಳಲು ಹೊರಟಾಗ ಒಂದರ ಖರೀದಿ ಬೆಲೆ 310 ರೂಪಾಯಿ. ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಾಗಿ ಟೆಂಡರ್ ಕರೆಯುತ್ತ ಹೋದಂತೆ 2016ರಲ್ಲಿ ಅದು 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ನಮ್ಮಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಸರ್ಕಾರ ಇಲ್ಲಿ ಮಾಡಿದ್ದು ಇಷ್ಟೇ: ಎಲ್ಲರ ಪರವಾಗಿ ಚೌಕಾಸಿಗೆ ಕೂತಿತು.

ಕೊನೆಯ ಭಾಗ ಕರ್ನಾಟಕದ್ದು. ಇದಕ್ಕೆ ನಾನು ಸ್ವಲ್ಪ ಹೆಚ್ಚು ಸಮಯ ಕೇಳುತ್ತೇನೆ. ಜಗತ್ತು ಇಂದು ಆಡುತ್ತಿರುವ ಮಾತುಗಳ ಒಂದು ದೊಡ್ಡ ಪಾಲು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿದ್ದು. ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು ಜಗತ್ತೇ ಗೌರವಿಸುತ್ತಿದ್ದ ವಿದ್ಯುದ್ರಸಾಯನ ವಿಜ್ಞಾನಿ. 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆಯನ್ನು ಇಲ್ಲಿನ ಹಿರಿಯರು ನೋಡಿರಬಹುದು. ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರು ಸಂಗಾತಿಗಳ ಜೊತೆ ಸೇರಿ 1985ರಲ್ಲಿ ಅವರು ಒಂದು ಪ್ರಬಂಧ ಬರೆದರು. ಒಳ್ಳೆಯ ಯಂತ್ರಗಳಿದ್ದರೆ ತಲೆಗೆ ಒಂದು ಕಿಲೋವ್ಯಾಟಿನಲ್ಲಿ ಬಡ ದೇಶದ ಜನರೂ ಪಶ್ಚಿಮ ಯುರೋಪಿನ ಎಪ್ಪತ್ತರ ದಶಕದ ಮಟ್ಟದಲ್ಲಿ ಬದುಕಬಹುದು ಎಂಬುದು ಅದರ ಸಾರ.

ಎಂಬತ್ತರ ದಶಕದ ಕೊನೆಗೆ ನಮ್ಮ ಸರ್ಕಾರದ ಸಮಿತಿಯೊಂದು 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ ಬೇಕೆಂದು ಲೆಕ್ಕ ಹಾಕಿ, ದೊಡ್ಡ ಸ್ಥಾವರಗಳ ಪಟ್ಟಿ ಕೊಟ್ಟಿತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಪ್ರಶ್ನೆಯನ್ನೇ ತಿರುಗಿಸಿದರು. ಜನಕ್ಕೆ ಬೇಕಾದದ್ದು ಯೂನಿಟ್ಟಲ್ಲ. ಬೆಳಕು, ಬಿಸಿನೀರು, ಬೆಳೆಗೆ ನೀರು. ಅದನ್ನು ಕಡಿಮೆಯಲ್ಲಿ ಕೊಡುವುದು ಹೇಗೆ? ಹಳೆಯ ಬಲ್ಬಿನ ಬದಲು ಸಿಎಫ್‌ಎಲ್, ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಪಂಪಿಗೆ ಒಳ್ಳೆಯ ಫುಟ್‌ವಾಲ್ವ್ ಮತ್ತು ಪೈಪು ಎಂದು ಒಂದೊಂದಾಗಿ ಲೆಕ್ಕ ಹಾಕಿದರು. ಎಲ್ಲ ಮನೆಗೂ ಕರೆಂಟು ಕೊಟ್ಟೂ ಬೇಕಾಗುವ ವಿದ್ಯುತ್ತು ಸರ್ಕಾರಿ ಸಮಿತಿಯ ಅಂದಾಜಿನ ಅರ್ಧಕ್ಕಿಂತ ಕಡಿಮೆ ಬಂತು.

ರೆಡ್ಡಿಯವರ ಆ ಪಟ್ಟಿಯಲ್ಲಿ ಪಂಪ್‌ಸೆಟ್ಟಿನ ಕೆಲಸ ಹೆಚ್ಚು ಬಾಕಿ ಉಳಿದಿದೆ. ತೆರೆದ ಬಾವಿಯ ಪಂಪಿನಲ್ಲಿ ನೀರಲ್ಲಿ ಮುಳುಗಿದ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ. ಮೇಲೆಳೆದ ನೀರು ಮತ್ತೆ ಬಾವಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅದರ ದಾರಿ ಕಿರಿದಾಗಿದ್ದು, ಪೈಪು ಒಳಗೆ ತುಕ್ಕು ಹಿಡಿದಿದ್ದರೆ ಮೋಟಾರಿನ ಶಕ್ತಿಯ ಒಂದು ಪಾಲು ಅಲ್ಲೇ ಕರಗುತ್ತದೆ. ವೋಲ್ಟೇಜ್ ಬಿದ್ದು ಮೋಟಾರು ಸುಟ್ಟರೆ ರೈತರು ಅದನ್ನು ವೈಂಡಿಂಗ್‌ಗೆ ಕೊಡುತ್ತಾರೆ. ಅರೆಬರೆ ವೈಂಡಿಂಗ್ ಆದ ಮೋಟಾರು ಮೊದಲಿಗಿಂತ ಹೆಚ್ಚು ಎಳೆಯುತ್ತದೆ. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಅವರಿಗೆ ಬೇಕಾದದ್ದು ಸುಡದ ಮೋಟಾರು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತವಾಗಿರುವಾಗ ದುಬಾರಿಯ ದಕ್ಷ ಪಂಪು ಕೊಂಡು ಅವರಿಗೆ ಬರುವುದೇನು? ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿವೆ. ವಿದ್ಯುತ್ ಬಳಕೆಯ ಸುಮಾರು ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಅದರ ಬಿಲ್ ಕಟ್ಟುವುದು ಸರ್ಕಾರ. ದೊಡ್ಡಬಳ್ಳಾಪುರದಲ್ಲಿ, ನಿಪ್ಪಾಣಿ ಮತ್ತು ಬ್ಯಾಡಗಿಯಲ್ಲಿ ಹಳೆಯ ಪಂಪು ಬದಲಿಸಿಕೊಡುವ ಪ್ರಯೋಗಗಳು ನಡೆದಿವೆ. ಅವು ಪ್ರಯೋಗವಾಗಿಯೇ ಉಳಿಯಬಾರದು. ಜೆವನ್ಸ್ ಹೇಳಿದ ಎಚ್ಚರ ಇಲ್ಲಿಗೆ ಸಲ್ಲುತ್ತದೆ: ಅಷ್ಟೇ ಗಂಟೆ ಕರೆಂಟಿನಲ್ಲಿ ಹೊಸ ಪಂಪು ಹೆಚ್ಚು ನೀರೆತ್ತಿದರೆ ಅಂತರ್ಜಲ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಪಂಪಿನ ಜೊತೆ ಹನಿ ನೀರಾವರಿಯೂ, ನೀರಿನ ಲೆಕ್ಕವೂ ಬರಬೇಕು.

ಆಯ್ಕೆ ಒಬ್ಬರದು, ಬಿಲ್ ಇನ್ನೊಬ್ಬರದು: ಮನೆಗಳದ್ದೂ ಈಗ ಇದೇ ಸ್ಥಿತಿ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಮೀರದಂತೆ, ಆಯಾ ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಬಳಕೆ ಉಚಿತ. ಬಡ ಕುಟುಂಬಗಳಿಗೆ ಅದರಿಂದ ಆದ ನೆಮ್ಮದಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಬಗೆಯ ಮೋಟಾರಿನ ಹೊಸ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದು ಫ್ಯಾನಿನಿಂದ 135 ಯೂನಿಟ್ ಉಳಿಯುತ್ತದೆ. ಬಿಲ್ ಸೊನ್ನೆಯಾಗಿರುವ ಮನೆ ಸಾವಿರ ಚಿಲ್ಲರೆ ರೂಪಾಯಿ ಹೆಚ್ಚು ಕೊಟ್ಟು ಆ ಫ್ಯಾನ್ ತರುವುದಿಲ್ಲ, ತರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಉಳಿತಾಯ ಸೇರುವುದು ಎಸ್ಕಾಂಗಳಿಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳಿಗೆ, ಸಬ್ಸಿಡಿ ತುಂಬುವ ಸರ್ಕಾರಕ್ಕೆ. ಯೂನಿಟ್ಟಿಗೆ ಐದು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 675 ರೂಪಾಯಿ. ಹೆಚ್ಚುವರಿ ಬೆಲೆ ಎರಡು ಮೂರು ವರ್ಷದಲ್ಲಿ ಹುಟ್ಟುತ್ತದೆ. ಹಾಗಾದರೆ ಆ ಫ್ಯಾನನ್ನು ಸರ್ಕಾರವೇ ಒಟ್ಟಾಗಿ ಟೆಂಡರ್ ಕರೆದು ಏಕೆ ಕೊಳ್ಳಬಾರದು? ಇಇಎಸ್‌ಎಲ್ 2023ರಲ್ಲಿ ಒಂದು ಕೋಟಿ ಫ್ಯಾನುಗಳ ಕಾರ್ಯಕ್ರಮ ಘೋಷಿಸಿದೆ. ಬಲ್ಬಿನಲ್ಲಿ ಕಲಿತ ವಿದ್ಯೆಯೂ ಕೈಯಲ್ಲಿದೆ.

ಸಭೆಯಲ್ಲಿರುವ ಎಂಜಿನಿಯರುಗಳಲ್ಲಿ, ಎಸ್ಕಾಂ ಅಧಿಕಾರಿಗಳಲ್ಲಿ, ಜನಪ್ರತಿನಿಧಿಗಳಲ್ಲಿ ನನ್ನ ಕೋರಿಕೆ ಇದು. ಉಚಿತ ವಿದ್ಯುತ್ತಿಗೆ ಪ್ರತಿವರ್ಷ ಬಜೆಟ್ಟಿನಲ್ಲಿ ತೆಗೆದಿಡುವ ಹಣದ ಒಂದು ಪಾಲನ್ನು ಪಂಪು ಮತ್ತು ಫ್ಯಾನು ಬದಲಿಸಲು ಕಡ್ಡಾಯವಾಗಿ ಮೀಸಲಿಡಿ. ಒಂದು ತಾಲ್ಲೂಕಿನ ಫೀಡರುಗಳಿಂದ ಶುರುಮಾಡಿ, ಮೊದಲೂ ಆಮೇಲೂ ಮೀಟರ್ ಓದಿ, ಬಂದ ಅಂಕಿಗಳನ್ನು ಜನರ ಮುಂದೆ ಇಡಿ. ವಿದ್ಯಾರ್ಥಿಗಳೇ, ಆ ಮೀಟರ್ ಓದುವ ಕೆಲಸಕ್ಕೆ ನಿಮ್ಮ ಕಾಲೇಜು ಮುಂದೆ ಬರಲಿ.